ನಾವಿಲ್ಲದ ಮೇಲೆ ಅವುಗಳನ್ನು ನೋಡಿಕೊಳ್ಳುವವರು



ಈ ಉಪನ್ಯಾಸದ ಖರ್ಚು ನಡೆಯುತ್ತಿರುವುದು ಇಂದು ನಮ್ಮೊಡನಿಲ್ಲದ ಒಬ್ಬರು ಇಟ್ಟುಹೋದ ಹಣದ ಬಡ್ಡಿಯಿಂದ. ಅಸಲು ಬ್ಯಾಂಕಿನಲ್ಲಿದೆ. ವರ್ಷಕ್ಕೊಂದು ಉಪನ್ಯಾಸ ಆಗಬೇಕು, ಅದು ಜನರ ದಿನಬಳಕೆಗೆ ಬರುವ ಕಾನೂನಿನ ಮಾತಾಗಿರಬೇಕು, ಅಚ್ಚಾಗಿ ಹಂಚಿಕೆಯಾಗಬೇಕು ಎಂದು ಅವರು ಬರೆದಿಟ್ಟರು. ನಡೆಸುವ ಹೊಣೆಯನ್ನು ಒಂದು ಸಂಸ್ಥೆಗೆ ಒಪ್ಪಿಸಿದರು. ಸಂಸ್ಥೆ ಅದನ್ನು ಒಪ್ಪಿಕೊಂಡಿತು. ಅವರು ತೀರಿಕೊಂಡ ಮೇಲೂ ಅವರ ಮಾತು ನಡೆಯುತ್ತಿದೆ. ವಿದ್ಯಾರ್ಥಿವೇತನಕ್ಕೆ, ನಂದಾದೀಪಕ್ಕೆ, ಅನ್ನದಾನಕ್ಕೆ, ಪುಸ್ತಕ ಬಹುಮಾನಕ್ಕೆ ಹೀಗೆ ದತ್ತಿ ಇಟ್ಟವರು ನಮ್ಮ ನಾಡಿನಲ್ಲಿ ಊರೂರಿಗೆ ಸಿಗುತ್ತಾರೆ. ಆದರೆ ಹತ್ತು ಹನ್ನೆರಡು ವರ್ಷ ತಮ್ಮ ಮಂಚದ ಕೆಳಗೇ ಮಲಗಿದ ನಾಯಿಗೆ, ತಮ್ಮ ತೊಡೆಯ ಮೇಲೇ ಬೆಳೆದ ಬೆಕ್ಕಿಗೆ, ನಾಳೆ ತಾವಿಲ್ಲದಿದ್ದರೆ ಅನ್ನ ಹಾಕುವವರು ಯಾರು ಎಂದು ಒಂದು ಸಾಲು ಬರೆದಿಟ್ಟವರನ್ನು ನನ್ನ ವಕೀಲಿ ವೃತ್ತಿಯಲ್ಲಿ ನಾನು ಕಂಡದ್ದು ತೀರಾ ಕಡಿಮೆ. ನಿವೇಶನ, ಒಡವೆ, ಷೇರು, ಬೆಳ್ಳಿ ಚೊಂಬು, ಹಳೆಯ ಹಾರ್ಮೋನಿಯಂ, ಎಲ್ಲಕ್ಕೂ ಹೆಸರು ಬರೆಸುತ್ತಾರೆ. ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವಕ್ಕೆ ಮಾತ್ರ ಬರೆಸುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆಯೇ.

ಹಿಂದೆ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ನಾಯಿ ಮನೆಯದಾಗಿತ್ತು, ಒಬ್ಬರದಾಗಿರಲಿಲ್ಲ. ಅಜ್ಜ ಹೋದರೆ ಚಿಕ್ಕಪ್ಪ ಇದ್ದ, ಅಜ್ಜಿ ಇದ್ದಳು, ಆಳುಮಕ್ಕಳಿದ್ದರು. ಹಿತ್ತಲ ಬಾಗಿಲಲ್ಲಿ ಬೀಳುವ ಮುದ್ದೆ ಬೀಳುತ್ತಲೇ ಇತ್ತು. ಈಗ ಮೈಸೂರಿನ ಕುವೆಂಪುನಗರದಲ್ಲೋ ಬೆಂಗಳೂರಿನ ಜಯನಗರದಲ್ಲೋ ಎರಡು ಕೋಣೆಯ ಮನೆ, ಅದರಲ್ಲಿ ಒಬ್ಬ ತಾಯಿ, ಒಂದು ನಾಯಿ. ಮಗ ನ್ಯೂಜೆರ್ಸಿಯಲ್ಲಿ, ಮಗಳು ಮೆಲ್ಬರ್ನ್‌ನಲ್ಲಿ. ಎಷ್ಟೋ ಮನೆಗಳಲ್ಲಿ ಮರಿಯನ್ನು ತಂದವರು ಮಕ್ಕಳೇ. ಅವರು ವಿಮಾನ ಹತ್ತಿದರು, ಮರಿ ಇಲ್ಲೇ ದೊಡ್ಡದಾಯಿತು. ತಾಯಿಯ ದಿನಚರಿಯನ್ನು ಹಿಡಿದು ನಿಲ್ಲಿಸಿರುವುದು ಆ ನಾಯಿ: ಬೆಳಗಿನ ನಡಿಗೆ, ಎರಡು ಹೊತ್ತಿನ ಊಟ, ಸಂಜೆ ಗೇಟಿನ ಬಳಿ ನಾಲ್ಕು ಜನರೊಡನೆ ಮಾತು. ಆ ತಾಯಿಗೆ ಏನಾದರೂ ಆದರೆ ಮನೆಯಲ್ಲಿ ಎರಡನೆಯವರಿಲ್ಲ.

"ಮಗ ಬಂದು ಕರ್ಕೊಂಡು ಹೋಗ್ತಾನೆ ಬಿಡಿ" ಎಂಬ ಮಾತನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಮಗನಿಗೆ ಮನಸ್ಸಿದ್ದರೂ ದಾರಿ ಅಷ್ಟು ಸಲೀಸಲ್ಲ. ಅಮೆರಿಕದವರು ನಾಯಿಯ ರೇಬೀಸ್ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತವನ್ನು ಇಟ್ಟಿದ್ದಾರೆ. 2024ರ ಆಗಸ್ಟ್ 1ರಿಂದ ಅಲ್ಲಿಗೆ ಹೋಗುವ ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಮೈಕ್ರೋಚಿಪ್ ಇರಬೇಕು, ಲಸಿಕೆಯ ಪ್ರಮಾಣಪತ್ರ ಇರಬೇಕು. ಲಸಿಕೆ ಕೆಲಸ ಮಾಡಿದೆ ಎಂದು ತೋರಿಸುವ ರಕ್ತಪರೀಕ್ಷೆ ಇಲ್ಲದಿದ್ದರೆ ಅಲ್ಲಿ 28 ದಿನ ದಿಗ್ಬಂಧನದಲ್ಲಿ ಇಡುತ್ತಾರೆ. ಬ್ರಿಟನ್‌ಗಾದರೆ ರಕ್ತ ತೆಗೆದ ಮೇಲೆ ಮೂರು ತಿಂಗಳು ಕಾಯಬೇಕು. ಆಸ್ಟ್ರೇಲಿಯಕ್ಕೆ ಭಾರತದಿಂದ ನೇರವಾಗಿ ನಾಯಿಯನ್ನು ಕಳಿಸುವಂತೆಯೇ ಇಲ್ಲ, ಅವರು ಒಪ್ಪಿದ ಬೇರೊಂದು ದೇಶದ ಮೂಲಕ ತಿಂಗಳುಗಟ್ಟಲೆ ಸುತ್ತಿ ಹೋಗಬೇಕು. ತಿಥಿಗೆಂದು ಎರಡು ವಾರದ ರಜೆ ಹಾಕಿ ಬಂದ ಮಗನಿಂದ ಇದೆಲ್ಲ ಆಗುವುದಿಲ್ಲ. ಮಗನೇ ಕರೆದೊಯ್ಯಬೇಕೆಂಬ ಆಸೆ ನಿಜವಾಗಿಯೂ ಇದ್ದರೆ ಚಿಪ್, ಲಸಿಕೆ, ರಕ್ತಪರೀಕ್ಷೆ ಎಲ್ಲವನ್ನೂ ತಾಯಿ ಗಟ್ಟಿಯಾಗಿರುವಾಗಲೇ ಮಾಡಿಸಿ ಕಾಗದ ಕಟ್ಟಿಡಬೇಕು.

ನಾನು ಕಂಡ ಒಂದು ಮನೆಯ ವಿಷಯ ಹೇಳುತ್ತೇನೆ. ಮೈಸೂರಿನಲ್ಲಿ, ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇದ್ದ ನಿವೃತ್ತ ಬ್ಯಾಂಕ್ ಅಧಿಕಾರಿ, ಅವರ ಲ್ಯಾಬ್ರಡಾರ್ ಹೆಣ್ಣು ನಾಯಿ. ರಾತ್ರಿ ಎದೆನೋವು ಬಂತು, ಪಕ್ಕದ ಮನೆಯವರು ಆಂಬುಲೆನ್ಸ್ ಕರೆಸಿದರು, ಬಾಗಿಲಿಗೆ ಬೀಗ ಹಾಕಿಕೊಂಡು ಹೊರಟರು. ನಾಯಿ ಒಳಗೇ ಉಳಿಯಿತು. ಅದು ಬೆಳಗಿನವರೆಗೆ ಸದ್ದು ಮಾಡಲಿಲ್ಲವಂತೆ, ಯಜಮಾನರು ಬರುತ್ತಾರೆಂದುಕೊಂಡಿತ್ತೇನೋ. ಅವರು ಆಸ್ಪತ್ರೆಯಲ್ಲೇ ತೀರಿಕೊಂಡರು. ಆಸ್ತಿಯ ಕಾಗದಪತ್ರಕ್ಕಾಗಿ ಸಂಬಂಧಿಕರು ನನ್ನನ್ನು ಕರೆಸಿದಾಗ ಮನೆ ಸ್ವಚ್ಛ ಮಾಡುತ್ತಿದ್ದರು. ಅಡುಗೆಮನೆಯ ಕಪಾಟಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಮಡಚಿಟ್ಟ ನಾಯಿ ಆಹಾರದ ಚೀಲ; ಅದರ ಪಕ್ಕದ ಸ್ಟೀಲ್ ಡಬ್ಬಿಯಲ್ಲಿ ಥೈರಾಯ್ಡ್ ಮಾತ್ರೆಗಳು. ಸತ್ತವರ ಔಷಧಿ ಮನೆಯಲ್ಲಿರಬಾರದೆಂದು ಡಬ್ಬಿಯನ್ನು ಹಾಗೇ ಕಸಕ್ಕೆ ಸುರಿದರು. ಆ ಮಾತ್ರೆ ಯಜಮಾನರದ್ದಲ್ಲ, ನಾಯಿಯದು. ದಿನಕ್ಕೆರಡು ಸಲ, ಹೊಟ್ಟೆ ಖಾಲಿ ಇರುವಾಗ ಕೊಡಬೇಕಾದದ್ದು. ಅದು ಗೊತ್ತಿದ್ದವಳು ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಒಬ್ಬಳೇ. ಅವಳನ್ನು ಯಾರೂ ವಿಚಾರಿಸಿರಲಿಲ್ಲ. ನಾಯಿಯನ್ನು ಹದಿಮೂರನೆಯ ದಿನ ಕಳೆದ ಮೇಲೆ ಊರಾಚೆಯ ತೋಟದವರೊಬ್ಬರಿಗೆ ಕೊಟ್ಟುಬಿಟ್ಟರು. ಮಾತ್ರೆ ನಿಂತಿದ್ದ, ಸೋಫಾದ ಮೇಲೆ ಮಲಗಿ ಅಭ್ಯಾಸವಾಗಿದ್ದ ಒಂಬತ್ತು ವರ್ಷದ ನಾಯಿ ಸರಪಣಿಯಲ್ಲಿ ಹೆಚ್ಚು ದಿನ ಬದುಕಲಿಲ್ಲ. ಆ ಹೆಂಗಸು ನನಗೆ ಹೇಳಿದ ಮಾತು ಹೀಗಿತ್ತು: "ಯಜಮಾನ್ರು ಒಂದು ಮಾತು ಹೇಳಿದ್ರೆ ನಾನೇ ಇಟ್ಕೋತಿದ್ದೆ ಸಾರ್. ಅದಕ್ಕೂ ನಂಗೂ ಚೆನ್ನಾಗಿತ್ತು. ಯಾರೂ ಕೇಳ್ಲಿಲ್ಲ."

ಆ ಸಂಬಂಧಿಕರು ಕೆಟ್ಟವರಲ್ಲ. ಯಜಮಾನರಿಗೆ ನಾಯಿಯ ಮೇಲೆ ಪ್ರೀತಿ ಕಡಿಮೆ ಇತ್ತೆಂದು ಯಾರೂ ಹೇಳಲಾರರು. ಅಲ್ಲಿ ಇಲ್ಲದೇ ಹೋದದ್ದು ಏರ್ಪಾಡು. ಏರ್ಪಾಡು ಎಂದರೆ ನೋಡಿಕೊಳ್ಳಲು ಒಪ್ಪಿದ ಒಬ್ಬ ಮನುಷ್ಯ, ಅವನ ಕೈಗೆ ಬರುವ ಹಣ, ಇವೆರಡನ್ನೂ ಕೂಡಿಸುವ ಒಂದು ಬರವಣಿಗೆ, ಅದು ನಡೆಯುತ್ತಿದೆಯೇ ಎಂದು ಗಮನಿಸುವ ಇನ್ನೊಬ್ಬರು. ಈ ನಾಲ್ಕರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ಗಟ್ಟಿ ನಂಬಿಕೆ.

ಪ್ರಾಣಿಗಾಗಿ ಇಂಥ ಏರ್ಪಾಡು ಮಾಡುವುದು ಹೊರಗಿನಿಂದ ಬಂದ ಶೋಕಿ ಎಂದು ಕೆಲವರು ಮುಖ ತಿರುಗಿಸುತ್ತಾರೆ. ಅವರು ಒಮ್ಮೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಕಲ್ಲಿನ ಮುಂದೆ ನಿಲ್ಲಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಶಾಸನ ಅದು, ಹತ್ತನೆಯ ಶತಮಾನದ ನಡುಭಾಗದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿಗಾಗಿ ಇತಿಹಾಸಕಾರರು ಅದನ್ನು ಓದುತ್ತಾರೆ. ಆದರೆ ಕಲ್ಲು ನಿಂತದ್ದು ರಾಜನಿಗಾಗಿ ಅಲ್ಲ, ನಾಯಿಗಾಗಿ. ಬೂತುಗನ ಬಂಟ ಮಣಲೇರ ಯುದ್ಧದಲ್ಲಿ ಪರಾಕ್ರಮ ತೋರಿದ. ಮೆಚ್ಚಿದ ದೊರೆ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಆ ಕಾಳಿ ಮುಂದೆ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರೊಡನೆ ಹೋರಾಡಿತು. ಹಂದಿ ನಾಯಿ ಎರಡೂ ಸತ್ತವು. ಕಲ್ಲಿನ ಮೇಲ್ಭಾಗದಲ್ಲಿ ಆ ಹೋರಾಟವನ್ನು ಕೆತ್ತಿದ್ದಾರೆ.

ಮಣಲೇರ ಕಲ್ಲು ನೆಡಿಸಿ ಸುಮ್ಮನಾಗಲಿಲ್ಲ, ಇದೇ ನನ್ನ ವಿಷಯಕ್ಕೆ ಬೇಕಾದ ಭಾಗ. ಅದನ್ನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನಿಲ್ಲಿಸಿ, ಕೆರೆಯ ಕೆಳಗಿನ ಎರಡು ಖಂಡುಗ ಭೂಮಿಯನ್ನು ದತ್ತಿ ಬಿಟ್ಟ. ಆ ಸ್ಥಾನ ನೋಡಿಕೊಳ್ಳುವ ಗೊರವ, ಅಂದರೆ ಶೈವ ಅರ್ಚಕ, ಕಲ್ಲಿಗೆ ಪೂಜೆ ಮಾಡಿಯೇ ಉಣ್ಣಬೇಕು. ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನದು ಎಂದು ಬರೆಸಿದ. ಒಬ್ಬ ಗೊತ್ತಾದ ಮನುಷ್ಯ, ಅವನ ಹೊಟ್ಟೆಗೆ ಸಾಕಾಗುವ ಆದಾಯ, ಅವನು ಮಾಡಬೇಕಾದ ಕೆಲಸ, ತಪ್ಪಿದರೆ ಏನು, ಎಲ್ಲವೂ ಆ ಕಲ್ಲಿನಲ್ಲಿದೆ. ಬದುಕಿರುವ ನಾಯಿಗಲ್ಲ, ಸತ್ತ ನಾಯಿಯ ನೆನಪಿಗೆ ಮಾಡಿದ ದತ್ತಿ ಅದು ನಿಜ. ಆದರೂ ನೋಡಿಕೊಳ್ಳುವವನಿಗೆ ಆಧಾರ ಕೊಟ್ಟು ಕೆಲಸವನ್ನು ಅದಕ್ಕೆ ಕಟ್ಟಿಹಾಕುವ ಬುದ್ಧಿ ಸಾವಿರ ವರ್ಷದ ಹಿಂದೆಯೇ ನಮ್ಮ ನೆಲದಲ್ಲಿ ಇತ್ತು. ಇಂದಿನ ಕಾನೂನಿನಲ್ಲೂ ನಮಗೆ ಉಳಿದಿರುವ ದಾರಿ ಹೆಚ್ಚುಕಡಿಮೆ ಅದೇ.

ಕಾನೂನಿನ ಕಣ್ಣಿಗೆ ನಾಯಿ ಚರಾಸ್ತಿ. ಕುರ್ಚಿ, ಗಡಿಯಾರ ಹೋದ ಹಾಗೆ ಅದೂ ವಾರಸುದಾರರಿಗೆ ಹೋಗುತ್ತದೆ. ಚರಾಸ್ತಿಗೆ ಆಸ್ತಿ ಬರೆಯಲಾಗುವುದಿಲ್ಲ. ದೇವಸ್ಥಾನದ ದೇವರು ನಮ್ಮ ಕಾನೂನಿನಲ್ಲಿ ಆಸ್ತಿ ಹೊಂದಬಹುದು. ದೇವಸ್ಥಾನದ ಆನೆ ಹೊಂದಲಾರದು. 1882ರ ಭಾರತೀಯ ಟ್ರಸ್ಟುಗಳ ಕಾಯಿದೆಯ 9ನೆಯ ಕಲಮು ಆಸ್ತಿ ಹೊಂದಲು ಶಕ್ತನಾದ ವ್ಯಕ್ತಿಯನ್ನು ಮಾತ್ರ ಖಾಸಗಿ ಟ್ರಸ್ಟಿನ ಫಲಾನುಭವಿ ಎನ್ನುತ್ತದೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟೂ ಮರುವರ್ಷ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟೂ ಪ್ರಾಣಿಗಳನ್ನು ಕಾನೂನಿನ ವ್ಯಕ್ತಿಗಳೆಂದು ಸಾರಿದವು. ಜಲ್ಲಿಕಟ್ಟಿನೊಡನೆ ನಮ್ಮ ಕಂಬಳದ ಪ್ರಶ್ನೆಯನ್ನೂ ತೀರ್ಮಾನಿಸಿದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ ತಿಂಗಳಲ್ಲಿ ಪ್ರಾಣಿಗಳಿಗೆ ಮೂಲಭೂತ ಹಕ್ಕಿದೆ ಎನ್ನಲು ಒಪ್ಪಲಿಲ್ಲ. ಈ ವಾದ ಇನ್ನೂ ಬೆಳೆಯಲಿ, ಬೆಳೆಯಬೇಕು. ಆದರೆ ಇಂದು ರಾತ್ರಿ ನಿಮಗೇನಾದರೂ ಆದರೆ ಆ ವಾದದಿಂದ ನಿಮ್ಮ ನಾಯಿಯ ಹೊಟ್ಟೆ ತುಂಬುವುದಿಲ್ಲ.

ಹೊಟ್ಟೆ ತುಂಬಿಸುವ ದಾರಿ ಉಯಿಲು. ನಾಯಿಯನ್ನು ಒಬ್ಬರಿಗೆ ಕೊಡಿ, ಅದನ್ನು ಸಾಕುವ ಷರತ್ತಿನ ಮೇಲೆ ಅವರಿಗೇ ಹಣವನ್ನೂ ಕೊಡಿ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 122ನೆಯ ಕಲಮಿನ ಪ್ರಕಾರ ಹೊಣೆಯೊಡನೆ ಕೊಟ್ಟ ಕೊಡುಗೆಯನ್ನು ಪಡೆಯುವವರು ಪೂರ್ತಿಯಾಗಿ ಒಪ್ಪಿದರೆ ಮಾತ್ರ ಪಡೆಯಬಹುದು. ಹಣ ನನಗಿರಲಿ, ನಾಯಿ ಬೇಡ ಎನ್ನುವಂತಿಲ್ಲ. ಉಯಿಲಿಗೆ ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ತಕರಾರು ಬರಬಹುದಾದ ಮನೆಗಳಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಾಯಿಸುವುದು ಒಳ್ಳೆಯದು. ನಾಯಿಯನ್ನು ಪಡೆಯುವವರನ್ನೇ ಸಾಕ್ಷಿ ಹಾಕಿಸಬೇಡಿ. ಮುಸ್ಲಿಂ ಬಂಧುಗಳು ಉಯಿಲಿನ ಮೂಲಕ ಸಾಮಾನ್ಯವಾಗಿ ಆಸ್ತಿಯ ಮೂರನೆಯ ಒಂದು ಭಾಗದವರೆಗೆ ಮಾತ್ರ ಕೊಡಬಹುದು ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಒಂದು ಬೆಕ್ಕಿನ ಖರ್ಚಿಗೆ ಅಷ್ಟರಲ್ಲಿ ಧಾರಾಳ ಜಾಗವಿದೆ. ಜನರಲ್ ಪವರ್ ಆಫ್ ಅಟಾರ್ನಿ ಕೊಟ್ಟಿದ್ದೇನೆ, ಸಾಕು ಎಂದುಕೊಂಡವರೂ ಇದ್ದಾರೆ. ಅದು ಬರೆದುಕೊಟ್ಟವರ ಉಸಿರಿನ ಜೊತೆಗೇ ಮುಗಿಯುತ್ತದೆ.

ಇನ್ನು, ಕೈಬಿಟ್ಟವರಿಗೆ ಶಿಕ್ಷೆಯಿಲ್ಲವೇ ಎಂದು ಕೇಳುತ್ತೀರಿ. ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಲ್ಲಿ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದ ಮೇಲೂ 50 ರೂಪಾಯಿಯ ಈ ಮಿತಿ ಬದಲಾಗಿಲ್ಲ. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹೋರಾಡಿ ಈ ಕಾಯಿದೆಗೆ ಹಾದಿ ಮಾಡಿಕೊಟ್ಟ ಕಾಲದಲ್ಲಿ 50 ರೂಪಾಯಿಗೆ ಬೆಲೆಯಿತ್ತು. ಇಂದು ಅದು ನಾಯಿಯ ಒಂದು ದಿನದ ಊಟಕ್ಕೂ ಸಾಲದು. ದಂಡದ ಭಯ ನಿಮ್ಮ ಪ್ರಾಣಿಯನ್ನು ಕಾಪಾಡುತ್ತದೆಂದು ನಂಬಿ ಕೂರಬೇಡಿ.

ಹೊರನಾಡುಗಳ ಒಂದೆರಡು ಪ್ರಸಂಗ ನೋಡೋಣ, ಅವುಗಳಿಂದ ಕಲಿಯುವುದಿದೆ. ಇಂಗ್ಲೆಂಡಿನಲ್ಲಿ 1842ರಲ್ಲಿ ತೀರ್ಮಾನವಾದ ಪೆಟಿಂಗಾಲ್ ಮೊಕದ್ದಮೆಯಲ್ಲಿ ಒಬ್ಬಾತ ತನ್ನ ಅಚ್ಚುಮೆಚ್ಚಿನ ಕಪ್ಪು ಹೆಣ್ಣು ಕುದುರೆಯ ಪೋಷಣೆಗೆ ವರ್ಷಕ್ಕೆ 50 ಪೌಂಡ್ ಇಟ್ಟಿದ್ದ. ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಖರ್ಚಾಗಿ ಮಿಕ್ಕಿದ್ದು ನೋಡಿಕೊಳ್ಳುವವನಿಗೆ. ಆದರೆ ಕುದುರೆಯನ್ನು ಸರಿಯಾಗಿ ಸಾಕದಿದ್ದರೆ ಉಳಿದ ಆಸ್ತಿಯ ಹಕ್ಕುದಾರರು ಬಂದು ದೂರು ಕೊಡಬಹುದು ಎಂದಿತು. ಕುದುರೆಗೆ ಬಾಯಿಲ್ಲದ ಕಾರಣ ಅದರ ಪರವಾಗಿ ಗಮನಿಸುವ ಕಣ್ಣೊಂದನ್ನು ನ್ಯಾಯಾಲಯವೇ ನೇಮಿಸಿದಂತಾಯಿತು. ಈಚೆಗೆ, 2007ರಲ್ಲಿ ತೀರಿಕೊಂಡ ಅಮೆರಿಕದ ಹೋಟೆಲ್ ಒಡತಿ ಲಿಯೋನಾ ಹೆಲ್ಮ್‌ಸ್ಲಿ ತನ್ನ ಮಾಲ್ಟೀಸ್ ನಾಯಿ ಟ್ರಬಲ್‌ಗೆ 1.2 ಕೋಟಿ ಡಾಲರ್ ಟ್ರಸ್ಟ್ ಮಾಡಿಟ್ಟಳು. ಮರುವರ್ಷ ನ್ಯಾಯಾಧೀಶರು ಅದನ್ನು 20 ಲಕ್ಷ ಡಾಲರಿಗೆ ಇಳಿಸಿದರು. ಎಲ್ಲರೂ ಆ ಮೊತ್ತವನ್ನೇ ಮಾತಾಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ನಾಯಿಯನ್ನು ನೋಡಿಕೊಳ್ಳಬೇಕೆಂದು ಅವಳು ಹೆಸರು ಬರೆದಿದ್ದ ಒಡಹುಟ್ಟಿದ ತಮ್ಮ ಅದನ್ನು ಒಪ್ಪಲಿಲ್ಲ. ಅಷ್ಟು ಹಣವಿದ್ದೂ ನಾಯಿ ಕೊನೆಗೆ ಅವಳ ಹೋಟೆಲೊಂದರ ವ್ಯವಸ್ಥಾಪಕರ ಕೈಗೆ ಹೋಯಿತು.

ರತನ್ ಟಾಟಾ 2024ರ ಅಕ್ಟೋಬರ್ 9ರಂದು ತೀರಿಕೊಂಡ ಮೇಲೆ ಪತ್ರಿಕೆಗಳು ಅವರ ಉಯಿಲಿನ ವಿವರ ಪ್ರಕಟಿಸಿದವು. ಅವರ ಜರ್ಮನ್ ಶೆಫರ್ಡ್ ಟಿಟೋವನ್ನು ನೋಡಿಕೊಳ್ಳುವ ಹೊಣೆ, ವರದಿಗಳ ಪ್ರಕಾರ, ಸಂಬಂಧಿಕರಿಗಲ್ಲ, ಬಹುಕಾಲ ಅವರ ಮನೆಯಲ್ಲಿ ಅಡುಗೆ ಮಾಡಿದವರಿಗೆ ಹೋಯಿತು. ದೊಡ್ಡ ಮನೆತನದ ಮನುಷ್ಯ ನಾಯಿಗೆ ನಿಜವಾಗಿ ಬೇಕಾದವರು ಯಾರೆಂದು ನೋಡಿ ಬರೆದರು. ನಮ್ಮ ಮನೆಗಳಲ್ಲಿ ಈ ವಿವೇಕ ಬೇಕು. ಅಣ್ಣನ ಮಗ ಹತ್ತಿರದ ರಕ್ತ ಇರಬಹುದು. ನಾಯಿಗೆ ಅವನು ವರ್ಷಕ್ಕೆರಡು ಸಲ ಬಂದು ಹೋಗುವ ಅಪರಿಚಿತ. ನಿತ್ಯ ತಟ್ಟೆ ಇಡುವ ಕೆಲಸದಾಕೆ, ವಾಕಿಂಗ್‌ಗೆ ಕರೆದೊಯ್ಯುವ ಹುಡುಗ, ಕೆಳಗಿನ ಮನೆಯ ಟೀಚರ್, ಇವರು ನಾಯಿಯ ಲೆಕ್ಕದಲ್ಲಿ ಮನೆಯವರು.

ಆದರೆ ಕೇಳಬೇಕು. ಎದುರಿಗೆ ಕೂರಿಸಿಕೊಂಡು, ಬಾಯಿಬಿಟ್ಟು, "ನನಗೇನಾದರೂ ಆದರೆ ಇವನನ್ನು ನೀನು ಇಟ್ಟುಕೊಳ್ಳುತ್ತೀಯಾ?" ಎಂದು ಕೇಳಬೇಕು. ನಮ್ಮಲ್ಲಿ ಸಾವಿನ ಮಾತೆತ್ತುವುದೇ ಅಪಶಕುನ. "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುತ್ತಾರೆ. ಆ ಸಂಕೋಚವನ್ನು ಮೀರಿ ಕೇಳಿದವರ ನಾಯಿಗಳಿಗೆ ಮಾತ್ರ ಮನೆ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಕೇಳುವಾಗ ಇಲ್ಲವೆನ್ನಲೂ ಅವಕಾಶ ಕೊಡಿ. ಕೆಲಸದಾಕೆಯದು ಬಾಡಿಗೆ ಮನೆಯಾದರೆ ಮನೆಯ ಒಡೆಯ ನಾಯಿಗೆ ಒಪ್ಪುತ್ತಾನೆಯೇ ಎಂದು ವಿಚಾರಿಸಬೇಕು. ಅವಳ ಮನೆಯಲ್ಲಿ ಆಸ್ತಮಾ ಇರುವ ಮಗುವಿದೆಯೇ, ಈಗಾಗಲೇ ಇನ್ನೊಂದು ನಾಯಿ ಇದೆಯೇ, ಎರಡಕ್ಕೂ ಹೊಂದುತ್ತದೆಯೇ? ವರ್ಷಕ್ಕೆ ಕೆಲವು ದಿನ ನಾಯಿಯನ್ನು ಅವರ ಮನೆಯಲ್ಲಿ ಬಿಟ್ಟು ನೋಡಿ, ಮಾತಿಗಿಂತ ಚೆನ್ನಾಗಿ ಅದೇ ಉತ್ತರ ಹೇಳುತ್ತದೆ. ಒಬ್ಬರಲ್ಲ, ಇಬ್ಬರನ್ನು ಗೊತ್ತು ಮಾಡಿ. ಮೊದಲಿನವರು ನಿಮಗಿಂತ ಮುಂಚೆ ಹೋಗಿಬಿಡಬಹುದು, ಊರು ಬಿಡಬಹುದು. ಆಶ್ರಯಧಾಮಗಳನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ. 1991ರಿಂದ ಬೆಂಗಳೂರಿನಲ್ಲಿರುವ ಕ್ಯೂಪಾದಂಥ ಸಂಸ್ಥೆಗಳು ಬೀದಿಯಲ್ಲಿ ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳಿಗಾಗಿ ದುಡಿಯುತ್ತಿವೆ. ಅವರ ಜಾಗ, ಕೈಗಳು ಆ ಜೀವಗಳಿಗೇ ಸಾಲವು. ಸೋಫಾ ಮೇಲೆ ಬೆಳೆದ ಹತ್ತು ವರ್ಷದ ನಾಯಿ ಗೂಡಿನ ಸಿಮೆಂಟು ನೆಲದ ಮೇಲೆ ಮೊದಲ ವಾರವೇ ಊಟ ಬಿಡುತ್ತದೆ.

ಹಣದ ಲೆಕ್ಕ ಕಷ್ಟವಲ್ಲ. ನಿಮ್ಮ ನಾಯಿಗೆ ಈಗ ತಿಂಗಳಿಗೆ ಆಗುವ ಖರ್ಚನ್ನು ಬರೆಯಿರಿ: ಆಹಾರ, ಮಾತ್ರೆ, ವರ್ಷದ ಚುಚ್ಚುಮದ್ದು, ಉಣ್ಣಿಗೆ ಹಾಕುವ ಔಷಧಿ. 5,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 60,000. ಇನ್ನು ಆರು ವರ್ಷ ಬದುಕಬಹುದಾದರೆ 3,60,000. ವಯಸ್ಸಾದ ಮೇಲಿನ ಕಾಯಿಲೆಗೆ, ಶಸ್ತ್ರಚಿಕಿತ್ಸೆಗೆ ಒಂದು ಲಕ್ಷ ಸೇರಿಸಿ. ಆ ಮೊತ್ತವನ್ನು ಒಂದೇ ಗಂಟಾಗಿ ಸಾಕುವವರ ಕೈಗಿಡುವುದು ನನಗೆ ಸರಿಕಾಣುವುದಿಲ್ಲ. ಉಯಿಲನ್ನು ಜಾರಿಗೆ ತರುವವರು, ನಾವು ಎಕ್ಸಿಕ್ಯೂಟರ್ ಎನ್ನುತ್ತೇವಲ್ಲ, ಅವರ ಬಳಿ ಹಣ ಇರಲಿ, ತಿಂಗಳು ತಿಂಗಳು ಸಾಕುವವರ ಖಾತೆಗೆ ಹೋಗಲಿ. ನಾಯಿಯನ್ನು ಆಗಾಗ ಕಣ್ಣಾರೆ ನೋಡುವ ಹೊಣೆಯೂ ಅವರಿಗೇ ಇರಲಿ. ಪೆಟಿಂಗಾಲ್ ಮೊಕದ್ದಮೆಯಲ್ಲಿ ಖರ್ಚಾಗಿ ಮಿಕ್ಕಿದ್ದು ಹೋದಂತೆ, ನಾಯಿ ಸತ್ತ ಮೇಲೆ ಮಿಕ್ಕ ಹಣವೂ ಸಾಕುವವರಿಗೇ ಹೋಗಲಿ ಎಂಬುದನ್ನು ನಾನು ಒಪ್ಪಲಾರೆ. ನಾಯಿಯ ಸಾವಿನಿಂದ ಸಾಕುವವರಿಗೆ ಲಾಭ ಆಗುವಂತೆ ಬರೆಯಬಾರದು. ಅವರ ಋಣಕ್ಕೆ ಬೇರೆಯೇ ಮೊತ್ತ ಗೊತ್ತು ಮಾಡಿ, ವರ್ಷಕ್ಕೊಮ್ಮೆ ಕೊಡಿಸಿ. ಮಿಕ್ಕದ್ದು ಪ್ರಾಣಿದಯಾ ಸಂಸ್ಥೆಗೆ ಹೋಗಲಿ.

ಉಯಿಲಿನ ಹಣ ಕೈಗೆ ಬರಲು ತಿಂಗಳುಗಳಾಗುತ್ತವೆ, ನಾಯಿಗೆ ಹಸಿವು ಅದೇ ಸಂಜೆ ಆಗುತ್ತದೆ. ಅದಕ್ಕಾಗಿ ಒಂದು ಸಣ್ಣ ಎಫ್.ಡಿ. ಬೇರೆ ಇಟ್ಟು ಸಾಕುವವರನ್ನು ನಾಮಿನಿ ಮಾಡಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹಾಕಬಹುದು. ನಾಮಿನಿ ಹಣ ಪಡೆಯುವವರೇ ಹೊರತು ಒಡೆಯರಲ್ಲ, ವಾರಸುದಾರರು ನಾಳೆ ಕೇಳಬಹುದು. ಆದ್ದರಿಂದ ಆ ಎಫ್.ಡಿ. ನಾಯಿಯ ಖರ್ಚಿಗೆ ಎಂದು ಉಯಿಲಿನಲ್ಲೂ ನಮೂದಿಸಿ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಸುತ್ತುದಾರಿ ಬೇಕಿಲ್ಲ. ಅಲ್ಲಿನ 50 ರಾಜ್ಯಗಳಲ್ಲೂ ಸಾಕುಪ್ರಾಣಿಯ ಹೆಸರಿಗೇ ಟ್ರಸ್ಟ್ ಮಾಡಲು ಕಾನೂನಿದೆ. ಕೊನೆಯದಾಗಿ 2016ರಲ್ಲಿ ಮಿನ್ನೆಸೋಟ ಸೇರಿತು. ನಮ್ಮ ಶಾಸಕರೂ ಅಂಥದ್ದನ್ನು ತರಬೇಕೆಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ.

ಸಾವಿಗಿಂತ ಮೊದಲು ಆಸ್ಪತ್ರೆ ಬರುತ್ತದೆ, ಮರೆವಿನ ಕಾಯಿಲೆ ಬರುತ್ತದೆ. ಆಗ ಉಯಿಲು ಕೆಲಸಕ್ಕೆ ಬಾರದು. ಪರ್ಸಿನಲ್ಲಿ ಆಧಾರ್ ಜೊತೆ ಒಂದು ಚೀಟಿ ಇರಲಿ: ಮನೆಯಲ್ಲಿ ನಾಯಿ ಒಂಟಿಯಾಗಿದೆ, ಈ ನಂಬರಿಗೆ ಫೋನ್ ಮಾಡಿ. ಬಾಗಿಲ ಮೇಲೂ ಅಂಥದ್ದೇ ಒಂದು. ಇನ್ನೊಂದು ಕೀಲಿ ಆ ಫೋನಿನವರ ಬಳಿ ಇರಲಿ. ಪಶುವೈದ್ಯರಿಗೆ ಒಂದು ಪತ್ರ ಕೊಟ್ಟಿರಿ, ನಾನು ಬರಲಾಗದಿದ್ದಾಗ ಇಂಥವರು ಕರೆತಂದರೆ ಚಿಕಿತ್ಸೆ ಮಾಡಿ ಎಂದು.

ಜೊತೆಗೆ ಒಂದು ಪುಟ ಬರೆದಿಡಿ. ಹಾಸನದ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ ಬರೆದಿಟ್ಟ ಪುಟವನ್ನು ಅವರ ಉಯಿಲಿನ ಜೊತೆ ನಾನು ಓದಿದೆ. ನೀಲಿ ಇಂಕಿನಲ್ಲಿ, ಕಾಪಿ ಪುಸ್ತಕದ ಅಕ್ಷರದಲ್ಲಿ ಇತ್ತು. ನಾಯಿ ನಾಟಿ ತಳಿ, ಹೆಸರು ಭೀಮ. ರಾಗಿ ಅಂಬಲಿ ಕುಡಿಯುತ್ತಾನೆ, ಆದರೆ ಆರಿರಬೇಕು. ಕೋಳಿಯ ಮೂಳೆ ಎಷ್ಟು ಕೇಳಿದರೂ ಕೊಡಬಾರದು, ಒಮ್ಮೆ ಗಂಟಲಿಗೆ ಸಿಕ್ಕಿದೆ. ಬಲಗಿವಿ ಮುಟ್ಟಿದರೆ ಗುರ್ ಎನ್ನುತ್ತಾನೆ, ಕಚ್ಚುವುದಿಲ್ಲ. ದೀಪಾವಳಿಯ ಮೂರು ದಿನ ದೇವರ ಮನೆಯಲ್ಲಿ ಕೂಡಿ ರೇಡಿಯೊ ಹಾಕಬೇಕು. ಗ್ಯಾಸ್ ಸಿಲಿಂಡರ್ ತರುವವನನ್ನು ಕಂಡರೆ ಆಗದು, ಮೊದಲೇ ಕಟ್ಟಬೇಕು. ರಾತ್ರಿ ಮಲಗುವ ಮುಂಚೆ ಒಂದು ಸಲ "ಭೀಮಾ, ಬಾಗಿಲು ಹಾಕಿದೀನಪ್ಪ" ಅನ್ನಬೇಕು, ಇಲ್ಲದಿದ್ದರೆ ಅಲ್ಲೇ ಬಾಗಿಲ ಬಳಿ ಕೂತಿರುತ್ತಾನೆ. ಭೀಮನನ್ನು ಒಪ್ಪಿಕೊಂಡ ಪಕ್ಕದ ಮನೆಯ ದಂಪತಿ ಆ ಪುಟವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡರು. ಅವನು ಅವರಲ್ಲಿ ನೆಲೆನಿಂತ. ಅವರ ಪ್ರಕಾರ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಕೊನೆಯ ಸಾಲು.

ಇನ್ನು ಬೇರೆ ಪ್ರಾಣಿಗಳ ಮಾತು. ಬೆಕ್ಕುಗಳು ಹದಿನೈದು, ಇಪ್ಪತ್ತು ವರ್ಷವೂ ಬಾಳುತ್ತವೆ. ಆಫ್ರಿಕದ ಬೂದು ಗಿಳಿ ನಲವತ್ತು ಐವತ್ತು ವರ್ಷ ಬದುಕಬಲ್ಲದು; ಐವತ್ತು ದಾಟಿದವರು ಅದನ್ನು ಕೊಂಡರೆ ಅದು ಅವರಿಗಿಂತ ಹೆಚ್ಚು ಕಾಲ ಇರುವುದು ಬಹುಪಾಲು ಖಚಿತ. ಇಂಥ ವಿದೇಶಿ ಪ್ರಾಣಿಗಳನ್ನು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಕೈ ಬದಲಾದಾಗಲೂ ತಿಳಿಸಬೇಕು. ನಮ್ಮ ಹಸಿರು ಗಿಳಿ, ನಕ್ಷತ್ರ ಆಮೆಗಳನ್ನು ಸಾಕುವುದೇ ವನ್ಯಜೀವಿ ಕಾಯಿದೆಯಂತೆ ಅಪರಾಧ. ಅವನ್ನು ಉಯಿಲಿನಲ್ಲಿ ಬರೆಯಲಾಗದು, ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಬೀದಿನಾಯಿಗಳಿಗೆ ಅನ್ನ ಹಾಕುವ ತಾಯಂದಿರು ಮೂವತ್ತು ನಾಯಿಗಳನ್ನು ಒಬ್ಬರಿಗೆ ಬರೆದುಕೊಡಲಾರರು. ಅವರು ತಮ್ಮ ಬೀದಿಯ ಇನ್ನಿಬ್ಬರನ್ನು ಈಗಲೇ ಜೊತೆಗೆ ಕರೆದುಕೊಳ್ಳಲಿ, ಹಣವನ್ನು ಸಂತಾನಹರಣ ಮತ್ತು ಲಸಿಕೆ ಮಾಡಿಸುವ ಸಂಸ್ಥೆಗೆ ಬರೆಯಲಿ.

ಒಂದು ಕಠಿಣ ಮಾತು ಉಳಿದಿದೆ. "ನಾನು ಹೋದ ದಿನವೇ ಅದಕ್ಕೂ ಚುಚ್ಚುಮದ್ದು ಕೊಡಿಸಿ ಎಂದು ಬರೆಯಿರಿ" ಎಂದು ಕೇಳಿದವರಿದ್ದಾರೆ. ನನ್ನನ್ನು ಬಿಟ್ಟು ಅದು ಇರಲಾರದು ಎನ್ನುತ್ತಾರೆ. ಅವರ ದುಃಖ ನನಗೆ ಅರ್ಥವಾಗುತ್ತದೆ. ಆದರೂ ಗಟ್ಟಿಮುಟ್ಟಾದ ಪ್ರಾಣಿಗೆ ಅಂಥ ಸಾಲನ್ನು ನಾನು ಬರೆಯುವುದಿಲ್ಲ. ನಾಯಿ ಕೆಲವು ವಾರ ಬಾಗಿಲು ನೋಡುತ್ತದೆ, ಊಟ ಬಿಡುತ್ತದೆ, ಆಮೇಲೆ ಹೊಸ ಕೈಯನ್ನು ನೆಕ್ಕುತ್ತದೆ. ಬದುಕುವ ಶಕ್ತಿ ಅದಕ್ಕಿದೆ, ಅದನ್ನು ಕಸಿಯುವ ಹಕ್ಕು ನಮ್ಮ ಪ್ರೀತಿಗೆ ಇಲ್ಲ. ವಾಸಿಯಾಗದ ನೋವಿನಲ್ಲಿರುವ ಪ್ರಾಣಿಯ ವಿಷಯ ಬೇರೆ. ಅದನ್ನು ಆಗ ಪರೀಕ್ಷಿಸುವ ಪಶುವೈದ್ಯರ ವಿವೇಚನೆಗೆ ಬಿಡಿ.

ಈ ಪುಸ್ತಿಕೆಯನ್ನು ಓದುವವರಿಗೆ ಅನುಕೂಲವಾಗಲೆಂದು ಉಯಿಲಿನಲ್ಲಿ ಸೇರಿಸಬಹುದಾದ ಒಂದು ಮಾದರಿ ಕೊಡುತ್ತೇನೆ. ಪ್ರಾಣಿಯ ಹೆಸರನ್ನು ಬೇಕೆಂದೇ ಹಾಕಿಲ್ಲ. ಇವತ್ತಿನ ನಾಯಿ ನಿಮಗಿಂತ ಮೊದಲು ಹೋಗಿ ನಾಳೆ ಇನ್ನೊಂದು ಬರಬಹುದು.

"ನಾನು ಮರಣ ಹೊಂದಿದ ದಿನ ನನ್ನ ಬಳಿ ಇರುವ ಎಲ್ಲ ಸಾಕುಪ್ರಾಣಿಗಳನ್ನು ______ ಅವರಿಗೆ ಕೊಟ್ಟಿದ್ದೇನೆ. ಅವರು ಆಗ ಬದುಕಿಲ್ಲದಿದ್ದರೆ ಅಥವಾ ಒಪ್ಪದಿದ್ದರೆ ______ ಅವರಿಗೆ ಸೇರತಕ್ಕದ್ದು. ನನ್ನ ಎಕ್ಸಿಕ್ಯೂಟರ್ ಆದ ______ ಅವರು ನನ್ನ ಆಸ್ತಿಯಿಂದ ರೂ. ______ ಬೇರೆ ತೆಗೆದಿಟ್ಟು, ಆ ಪ್ರಾಣಿಗಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕುವ ಷರತ್ತಿನ ಮೇಲೆ, ಪಡೆದವರಿಗೆ ತಿಂಗಳಿಗೆ ರೂ. ______ ರಂತೆ, ಚಿಕಿತ್ಸೆಗೆ ಆದಷ್ಟು ಬೇರೆಯಾಗಿ, ಕೊಡತಕ್ಕದ್ದು. ಮೂರು ತಿಂಗಳಿಗೊಮ್ಮೆ ಪ್ರಾಣಿಗಳನ್ನು ಖುದ್ದಾಗಿ ನೋಡತಕ್ಕದ್ದು. ಸರಿಯಾಗಿ ಸಾಕದಿದ್ದರೆ ಎರಡನೆಯವರಿಗೆ ಒಪ್ಪಿಸತಕ್ಕದ್ದು. ಸಾಕಿದವರಿಗೆ ನನ್ನ ಕೃತಜ್ಞತೆಯಾಗಿ ವರ್ಷಕ್ಕೆ ರೂ. ______ ಸಲ್ಲತಕ್ಕದ್ದು. ಕೊನೆಯ ಪ್ರಾಣಿ ತೀರಿಕೊಂಡ ಮೇಲೆ ಉಳಿದ ಹಣ ______ ಸಂಸ್ಥೆಗೆ ಸೇರತಕ್ಕದ್ದು."

ಖಾಲಿ ಜಾಗ ತುಂಬುವ ಮೊದಲು ಆ ಇಬ್ಬರನ್ನೂ ಕೇಳಿ ಒಪ್ಪಿಸಿಕೊಳ್ಳಿ. ಸಹಿಯಾದ ಮೇಲೆ ಒಂದು ನಕಲನ್ನು ಅವರಿಗೂ, ಇನ್ನೊಂದನ್ನು ನಿಮ್ಮ ಪಶುವೈದ್ಯರಿಗೂ ಕೊಡಿ. ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ, ಅದನ್ನು ತೆರೆಯುವ ಹೊತ್ತಿಗೆ ತಡವಾಗಿರುತ್ತದೆ.